ಅಳಿಸಬಾರದ ಮಗು

ಇಪ್ಪತ್ತು ವಾರದ ಸ್ಕ್ಯಾನ್ ಇದ್ದ ಬೆಳಿಗ್ಗೆ ನಾನು ಕುಕ್ಕರಿಗೆ ತೊಗರಿಬೇಳೆ ಹಾಕಿ, ನೀರು ಹೊಯ್ದು, ಒಲೆ ಹಚ್ಚದೆ ಮುಚ್ಚಿಟ್ಟು ಹೋಗಿದ್ದೆ. ಬಂದ ಕೂಡಲೇ ಹಚ್ಚಿದರಾಯಿತು, ಹನ್ನೆರಡೂವರೆಗೆ ಊಟ ಎಂಬ ಅಂದಾಜು. ಆ ಬೇಳೆ ಮರುದಿನ ಮಧ್ಯಾಹ್ನದವರೆಗೂ ಹಾಗೇ ನೆನೆಯುತ್ತ ಕೂತಿತ್ತು. ಉಬ್ಬಿ, ನೊರೆ ಕಟ್ಟಿ, ಕೊನೆಗೆ ಚೆಲ್ಲಿದೆ. ಅವತ್ತು ಏನೇನಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅದೇ.

ನನಗಾಗ ನಲವತ್ತೊಂದು. ಡರ್ಬಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಗಂಡ ಶಿವಾನಂದ ಇಲ್ಲಿಯ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಸ್ಫೂರ್ತಿಗೆ ಹನ್ನೆರಡು ತುಂಬಿತ್ತು. ಅವಳ ತೊಟ್ಟಿಲು, ತಳ್ಳುಗಾಡಿ, ಸಣ್ಣ ಅಂಗಿಗಳನ್ನೆಲ್ಲ ಚಾರಿಟಿ ಅಂಗಡಿಗೆ ಕೊಟ್ಟು ವರ್ಷಗಳೇ ಕಳೆದಿದ್ದವು. ಈ ವಯಸ್ಸಿನಲ್ಲಿ ಮತ್ತೆ ಬಸಿರು ಎಂದು ಹೇಳಿಕೊಳ್ಳಲು ಒಳಗೊಳಗೇ ನಾಚಿಕೆ. ಆದರೂ ಸ್ಕ್ಯಾನಿಗೆ ಹೋಗುವಾಗ ಹೊಸ ಕುರ್ತಾ ಹಾಕಿಕೊಂಡಿದ್ದೆ.

ಸ್ಕ್ಯಾನ್ ಮಾಡುವಾಕೆ ಬಹಳ ಮಾತಿನ ಹೆಂಗಸು. ಇಗೋ ಪಾದ, ಇಗೋ ಬೆನ್ನುಮೂಳೆ, ಎಷ್ಟು ಚೆಂದ ಮಲಗಿದ್ದಾಳೆ ನೋಡಿ ಎನ್ನುತ್ತಿದ್ದವಳು ಎದೆಯ ಹತ್ತಿರ ಬಂದಾಗ ಸುಮ್ಮನಾದಳು. ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು. ಹೋಗಿ ತಣ್ಣೀರು ಕುಡಿದು ಹತ್ತು ನಿಮಿಷ ಅಡ್ಡಾಡಿ ಬನ್ನಿ ಎಂದಳು. ಬಂದ ಮೇಲೆ ಇನ್ನೊಬ್ಬರನ್ನು ಕರೆತಂದಳು. ಇಬ್ಬರೂ ಪರದೆಯನ್ನೇ ನೋಡಿದರು, ನನ್ನ ಮುಖ ನೋಡಲಿಲ್ಲ. ಆಮೇಲೆ ನನ್ನನ್ನೂ ಶಿವಾನಂದರನ್ನೂ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಅಲ್ಲೊಂದು ಮೆತ್ತನೆಯ ಸೋಫಾ, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಆಸ್ಪತ್ರೆಯಲ್ಲಿ ಅಂಥ ಕೋಣೆಗೆ ಕರೆದರೆಂದರೆ ವಿಷಯ ಅರ್ಧ ಗೊತ್ತಾದಂತೆಯೇ.

ಮೂರು ದಿನ ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಹೋದೆವು. ಹುಟ್ಟದ ಮಕ್ಕಳ ಹೃದಯವನ್ನು ನೋಡುವ ಡಾಕ್ಟರು ಅಲ್ಲಿದ್ದರು. ಅವರು ಮುಕ್ಕಾಲು ಗಂಟೆ ನೋಡಿ, ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಚಿತ್ರ ಬರೆದರು. ನಡುವಿನ ಗೋಡೆಯಲ್ಲಿ ದೊಡ್ಡ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಹುಟ್ಟಿದ ಆರು ತಿಂಗಳ ಸುಮಾರಿಗೆ ಎದೆ ತೆರೆದು ಸರಿಮಾಡುತ್ತೇವೆ, ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ, ಆದರೆ ಎಲ್ಲ ಮಕ್ಕಳೂ ಅಲ್ಲ ಎಂದರು. ಬಸಿರು ಮುಂದುವರಿಸದಿರುವ ದಾರಿಯೂ ಇದೆ, ಯಾವುದನ್ನು ಆರಿಸಿದರೂ ನಾವು ನಿಮ್ಮ ಜೊತೆಗಿರುತ್ತೇವೆ ಎಂದೂ ಹೇಳಿದರು. ಬೇರೆ ದಾರಿ ಹಿಡಿದ ತಾಯಂದಿರೂ ಇದನ್ನು ಓದಬಹುದು. ಅವರ ಬಗ್ಗೆ ನನ್ನಲ್ಲಿ ಒಂದು ಮಾತೂ ಇಲ್ಲ. ನಾವು ಮುಂದುವರಿಸಿದೆವು, ಅಷ್ಟೇ.

ಹೊರಗೆ ಬಂದಾಗ ಶಿವಾನಂದ ಆ ಹಾಳೆಯನ್ನು ಕೈಯಲ್ಲಿ ಹಿಡಿದು, "ಇದೇನ್ ದೊಡ್ಡ ಪ್ರಾಬ್ಲಮ್ ಅಲ್ಲ ಶೈಲಾ. ಪೈಪ್ ಸಣ್ಣದಾಗೇತಿ, ಒಂದ ಕಡೆ ಲೀಕ್ ಐತಿ. ನಾವು ದಿನಾ ಮಾಡೂದು ಇದನ್ನ," ಎಂದರು. ಕಾರ್ ಪಾರ್ಕಿನಲ್ಲಿ ದುಡ್ಡು ಕಟ್ಟುವ ಯಂತ್ರ ಗಾಡಿಯ ನಂಬರ್ ಕೇಳಿತು. ಏಳು ವರ್ಷ ಓಡಿಸಿದ ಕಾರಿನ ನಂಬರ್ ಅವರಿಗೆ ನೆನಪಾಗಲಿಲ್ಲ. ಯಂತ್ರದ ಮುಂದೆ ನಿಂತುಕೊಂಡೇ ಅತ್ತರು. ಹಿಂದಿದ್ದ ಮುದುಕರೊಬ್ಬರು, "ಅವಸರವಿಲ್ಲ, ನಿಧಾನವಾಗಲಿ," ಎಂದು ಮುಖ ಬೇರೆ ಕಡೆ ತಿರುಗಿಸಿ ನಿಂತರು. ಆ ಮುದುಕರನ್ನು ಈಗಲೂ ನೆನೆಯುತ್ತೇನೆ.

ಅವತ್ತು ದಾರಿಯಲ್ಲಿ ನಾವಿಬ್ಬರೂ ಒಂದು ತಪ್ಪು ಮಾಡಿದೆವು. ಊರಲ್ಲಿ ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆವು. ನನ್ನ ತಾಯಿ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ಗದಗಿನಿಂದ ಅತ್ತೆಯವರು ಬರುವುದೆಂದು ಮೊದಲೇ ಗೊತ್ತಾಗಿತ್ತು. ಅವರಿಗೆ ಬಿ.ಪಿ. ಇದೆ, ಗಾಬರಿಯಾಗುತ್ತಾರೆ, ಹುಟ್ಟಿದ ಮೇಲೆ ಹೇಳಿದರಾಯಿತು ಎಂದುಕೊಂಡೆವು. ಸ್ಫೂರ್ತಿಗೂ ಬಾಯಿಬಿಡಬೇಡ ಎಂದು ಹೇಳಿದೆವು. "ವೈ? ಈಸ್ ಇಟ್ ಬ್ಯಾಡ್?" ಎಂದಳು ಮಗು.

ಬಸಿರಿನ ಎಂಟನೆಯ ತಿಂಗಳು ಹತ್ತಿದ ವಾರದಲ್ಲೇ ನೀಲವ್ವ ಅತ್ತೆ ಬಂದಿಳಿದರು. ಸೂಟ್‌ಕೇಸಿನ ತುಂಬ ಬಾಣಂತಿಯ ಉಂಡೆಗೆಂದು ಅಳವಿ, ಅಂಟು, ಒಣಕೊಬ್ಬರಿ. ಸ್ವೆಟರಿನ ಮೇಲೆ ಸೆರಗು ಹೊದ್ದು, ಮೂರನೆಯ ದಿನಕ್ಕೆ ನನ್ನ ಅಡಿಗೆಮನೆಯ ಎಲ್ಲ ಡಬ್ಬಿಗಳ ಜಾಗ ಬದಲಿಸಿದ್ದರು. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತ, "ಎಂಟು ನಡದೈತಿ. ಅಯ್ಯಾರನ್ನ ಕರಸಬೇಕಲ್ಲ," ಎಂದರು.

ನಮ್ಮಲ್ಲಿ ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಲಿಂಗಧಾರಣೆ ಮಾಡುತ್ತಾರೆ. ಸ್ವಾಮಿಗಳೋ ಅಯ್ಯನವರೋ ಬಂದು, ತಾಯಿಯ ಹೊಟ್ಟೆಗೆ ವಿಭೂತಿ ಹಚ್ಚಿ, ಕೂಸಿನ ಪಾಲಿನ ಸಣ್ಣ ಲಿಂಗವನ್ನು ತಾಯಿಯ ಕೊರಳಿಗೆ ಹಾಕುತ್ತಾರೆ. ಅವತ್ತಿನಿಂದ ಅದು ಲೆಕ್ಕಕ್ಕೆ ಬಂದ ಮನುಷ್ಯ. ಸ್ಫೂರ್ತಿಗೂ ಆಗಿತ್ತು.

"ಈಗ್ಯಾಕ ಬಿಡ್ರಿ ಅತ್ತಿ, ಹುಟ್ಟಿದ ಮ್ಯಾಲ ನೋಡೋಣು," ಎಂದೆ.

ರೊಟ್ಟಿ ಬಡಿಯುವ ಕೈ ನಿಂತಿತು. ಆಮೇಲೆ ಎರಡು ದಿನ ಅವರು ನನ್ನೊಡನೆ ನೇರ ಮಾತಾಡಲಿಲ್ಲ. ಎಲ್ಲವೂ ಸ್ಫೂರ್ತಿಯ ಮೂಲಕ. "ಉಪ್ಪಿನ ಡಬ್ಬಿ ಎಲ್ಲೈತಿ ಕೇಳು ನಿಮ್ಮವ್ವಗ." ಡಬ್ಬಿ ಇಟ್ಟವರು ಅವರೇ. "ಮಮ್ಮೀ, ಅಜ್ಜಿ ವಾಂಟ್ಸ್ ಸಾಲ್ಟ್. ಯು ಆರ್ ಸ್ಟ್ಯಾಂಡಿಂಗ್ ರೈಟ್ ದೇರ್!" ಎಂದು ಅವಳು ಇಬ್ಬರನ್ನೂ ನೋಡಿದಳು.

ಮೂರನೆಯ ದಿನ ಅತ್ತೆ ಎದುರಿಗೆ ಬಂದು ಕೂತರು. "ಇಲ್ಲಿಗೆ ಬಂದ ಮ್ಯಾಲ ನಿಮಗ ಲಿಂಗ ಬ್ಯಾಡ ಆಗಿದ್ರ ಬಾಯಿಬಿಟ್ಟ ಹೇಳಿಬಿಡ್ರಿ. ನಾ ಏನ್ ಅನ್ನಾಂಗಿಲ್ಲ," ಎಂದರು.

ಹಾಗೆಂದುಕೊಂಡರಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಸ್ಕ್ಯಾನು, ತೂತು, ಆಪರೇಶನ್. ಕೊನೆಗೆ, ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನೂ ಹೇಳಿದೆ. ಲಿಂಗ ಕಟ್ಟಿದರೆ ಅದು ಮನೆಯ ಮನುಷ್ಯ ಆಗುತ್ತದೆ. ಮನುಷ್ಯ ಆದ ಮೇಲೆ ಕಳೆದುಕೊಂಡರೆ ನಾನು ಉಳಿಯುವುದಿಲ್ಲ. ಅದಕ್ಕೇ ಬೇಡ ಎಂದೆ.

ಅತ್ತೆ ಕೇಳಿದರು. "ಎಷ್ಟ ದಿನ ಆತು ಗೊತ್ತಾಗಿ?"

"ಎರಡೂವರಿ ತಿಂಗಳಾತ್ರಿ."

"ಎರಡೂವರಿ ತಿಂಗಳ ಒಬ್ಬಾಕೀನ ಹೊತ್ತಿ?"

"ಅವರೂ ಇದ್ರಲ್ರಿ."

"ಅಂವೇನ ಹೊರತಾನ! ಅಂವಗ ನೆಗಡಿ ಬಂದ್ರ ಗದಗಿನಿಂದ ನಾ ಮೂಗ ಒರಸಬೇಕು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು, "ಕಟ್ಟಲಿಲ್ಲಂದ್ರ ಕಳಕೊಂಡಾಗ ನೋವು ಆಗಾಂಗಿಲ್ಲಂತ ಯಾರ ಹೇಳ್ಯಾರ ನಿನಗ? ಅದು ಆಗಲೇ ಮನೀ ಕೂಸು. ಮನೀ ಕೂಸಿಗೆ ಜಡ್ಡು ಬಂದೈತಿ. ಮುಚ್ಚಿಡಾಕ ಅದೇನ ಕಳವು ಮಾಡೇತೇನು? ಎಲ್ಲಾರಿಗೂ ಹೇಳ್ರಿ," ಎಂದರು.

ಅವತ್ತು ಸಂಜೆಯೊಳಗೆ ಗದಗ, ಹುಬ್ಬಳ್ಳಿ, ಬೆಂಗಳೂರು, ಎಲ್ಲ ಕಡೆಗೂ ಅತ್ತೆಯೇ ಫೋನ್ ಮಾಡಿ ಹೇಳಿ ಮುಗಿಸಿದ್ದರು. ನಾನು ಹೆದರಿದ್ದ ಒಂದು ಮಾತನ್ನೂ ಯಾರೂ ಆಡಲಿಲ್ಲ. ಆ ರಾತ್ರಿ ನಾನು ಎಷ್ಟೋ ವಾರಗಳ ಮೇಲೆ ನಿದ್ದೆ ಮಾಡಿದೆ.

ಡರ್ಬಿಯ ಸುತ್ತಮುತ್ತ ಅಯ್ಯನವರೆಂದರೆ ಲೆಸ್ಟರಿನಲ್ಲಿ ಒಬ್ಬರೇ. ಜಂಗಮರ ಮನೆತನ, ಕೆಲಸ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಮುಹೂರ್ತ ಕೇಳಿದರೆ ಪಂಚಾಂಗಕ್ಕಿಂತ ಮೊದಲು ತಮ್ಮ ಆಸ್ಪತ್ರೆಯ ಡ್ಯೂಟಿ ಪಟ್ಟಿ ತೆಗೆದು ನೋಡಿದರು. "ಸೋಮವಾರ ಛಲೋ ಐತಿ, ಆದ್ರ ನಾ ಆನ್-ಕಾಲ್ ಇದ್ದೀನಿ. ಭಾನುವಾರ ಮಾಡೋಣು, ಶಿವ ಏನೂ ಅನ್ನಾಂಗಿಲ್ಲ."

ಭಾನುವಾರ ಬಂದು ಎಲ್ಲ ಶಾಸ್ತ್ರ ಮಾಡಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಸಣ್ಣ ಲಿಂಗ ನನ್ನ ಕೊರಳಿಗೆ ಬಂತು. ಊಟಕ್ಕೆ ಕೂತಾಗ ನಾನು ಅವರ ಇನ್ನೊಂದು ಉದ್ಯೋಗದ ಬಗ್ಗೆ ಕೇಳಿದೆ. ಆಪರೇಶನ್ನಿನಲ್ಲಿ ಕೂಸಿನ ಹತ್ತಿರ ಯಾರಿರುತ್ತಾರೆ? ಅವರು ತಟ್ಟೆಯಿಂದ ಕೈ ತೆಗೆದು ಹೇಳಿದರು. "ಸರ್ಜನ್ ಎದಿ ನೋಡತಾರ್ರೀ ಅಕ್ಕಾರ. ಆದ್ರ ತಲಿ ಕಡೆ ನಮ್ಮಂಥವರೊಬ್ಬರು ನಿಂತಿರತಾರ. ಅವರಿಗೆ ಬ್ಯಾರೆ ಕೆಲಸಾನ ಇಲ್ಲ. ಮಲಗಿದಾಗಿಂದ ಏಳೂತನಕ ಕೂಸಿನ ಮ್ಯಾಲಿಂದ ಕಣ್ಣ ತೆಗೆಯಾಂಗಿಲ್ಲ." ಮಂತ್ರಗಳಿಗಿಂತ ಈ ಮಾತು ಹೆಚ್ಚು ದಿನ ನನ್ನನ್ನು ಹಿಡಿದು ನಿಲ್ಲಿಸಿತು ಎಂದರೆ ಅಯ್ಯನವರು ಬೇಸರ ಮಾಡಿಕೊಳ್ಳಲಾರರು.

ತನ್ವಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದಳು. ಹುಟ್ಟಿದ ಕೂಡಲೇ ಅತ್ತಳು. ಅದು ಒಳ್ಳೆಯ ಲಕ್ಷಣವೆಂದರು. ಒಂದು ವಾರ ಇಟ್ಟುಕೊಂಡು ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದು ಮಾತ್ರ ಬೇರೆ. ಇವಳನ್ನು ಜೋರಾಗಿ, ಬಹಳ ಹೊತ್ತು ಅಳಲು ಬಿಡಬೇಡಿ. ಅತ್ತು ಅತ್ತು ಇಕ್ಕಟ್ಟಾದ ದಾರಿ ಇನ್ನೂ ಬಿಗಿದರೆ ತುಟಿ ನೀಲಿಯಾಗುತ್ತದೆ. ಹಾಗಾದರೆ ಎರಡೂ ಮಂಡಿಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯಿರಿ, ಆಂಬುಲೆನ್ಸಿಗೆ ಫೋನ್ ಮಾಡಿ. ಒಂದು ಬೊಂಬೆಯ ಮೇಲೆ ನಮ್ಮೆಲ್ಲರಿಂದ ಮಾಡಿಸಿಯೂ ನೋಡಿದರು. ಅತ್ತೆಯೂ ಮಾಡಿದರು.

ನಮ್ಮ ಕಡೆ ಕೂಸಿಗೆ ನೀರು ಹಾಕುವುದೆಂದರೇನು ಎಂದು ಬಲ್ಲವರಿಗೆ ಗೊತ್ತು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಬಿಸಿ ಬಿಸಿ ನೀರು ಹೊಯ್ಯುತ್ತಾರೆ. ಕೂಸು ಓಣಿ ಕೇಳುವ ಹಾಗೆ ಅಳಬೇಕು. ಅತ್ತರೆ ಎದೆ ಗಟ್ಟಿಯಾಗುತ್ತದೆ, ಆಮೇಲೆ ಒಳ್ಳೆಯ ನಿದ್ದೆ ಬರುತ್ತದೆ ಎನ್ನುವುದು ನಂಬಿಕೆ. ಅತ್ತೆ ತಮ್ಮ ಓಣಿಯಲ್ಲಿ ಅದಕ್ಕೆ ಹೆಸರಾದವರು. ನಲವತ್ತು ಐವತ್ತು ಕೂಸುಗಳಿಗೆ ನೀರು ಹಾಕಿದ ಕೈ. ಆ ಕೈ ಈಗ ಪ್ಲಾಸ್ಟಿಕ್ ತೊಟ್ಟಿಯ ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ, ಒಂದೊಂದೇ ಬೆರಳು ಒರೆಸುತ್ತಿತ್ತು. ತುಟಿ ಸ್ವಲ್ಪ ಸೊಟ್ಟಗಾದರೆ ಸಾಕು, ಬಟ್ಟೆ ಬಿಟ್ಟು ಎತ್ತಿಕೊಳ್ಳುತ್ತಿದ್ದರು. "ಇದೇನ್ ಜಳಕ ಅಲ್ಲ ತಗೀ, ಗಾಜಿನ ಸಾಮಾನ ಒರಸಿಧಂಗ ಆತು," ಎಂದು ತಮ್ಮಷ್ಟಕ್ಕೆ ತಾವೇ ಗೊಣಗುತ್ತಿದ್ದರು.

ಇಡೀ ಮನೆ ಒಂದೇ ಕೆಲಸಕ್ಕೆ ನಿಂತಿತು. ಹಸಿವಾಗುವ ಮೊದಲೇ ಹಾಲು. ಒದ್ದೆಯಾಗುವ ಮೊದಲೇ ನ್ಯಾಪಿ. ಶಿವಾನಂದ ಡೋರ್‌ಬೆಲ್ಲಿನ ಬ್ಯಾಟರಿ ತೆಗೆದರು. ಸ್ಫೂರ್ತಿ ಬಾಗಿಲಿನ ಸಂದಿಗಳಿಗೆಲ್ಲ ಹಳೆಯ ಕಾಲ್ಚೀಲ ತುರುಕಿದಳು. ಪಕ್ಕದ ಮನೆಯ ಹೆಂಗಸು ಒಮ್ಮೆ, "ಎಷ್ಟು ಸಮಾಧಾನದ ಮಗು ನಿಮ್ಮದು, ದನಿಯೇ ಕೇಳುವುದಿಲ್ಲ," ಎಂದಳು. ನಾನು ನಕ್ಕು ಒಳಗೆ ಬಂದೆ.

ಎರಡೂವರೆ ತಿಂಗಳಿದ್ದಾಗ ಲಸಿಕೆಗೆ ನಮ್ಮ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಸೂಜಿ ಚುಚ್ಚಿದರೆ ಯಾವ ಕೂಸು ಅಳುವುದಿಲ್ಲ? ಅತ್ತಳು. ಎತ್ತಿಕೊಂಡರೂ, ಹಾಲು ಕೊಟ್ಟರೂ ನಿಲ್ಲಲಿಲ್ಲ. ನಾನು ಚೀಲದಲ್ಲಿ ಏನೋ ಹುಡುಕುತ್ತಿದ್ದೆ. "ಶೈಲಾ, ತುಟಿ!" ಎಂದರು ಅತ್ತೆ. ನೋಡಿದರೆ ನೇರಳೆಹಣ್ಣು ತಿಂದ ಬಾಯಿಯ ಬಣ್ಣ. ಅಷ್ಟರಲ್ಲೇ ಅತ್ತೆ ಅವಳನ್ನು ಕುರ್ಚಿಯ ಮೇಲೆ ಮಲಗಿಸಿ, ಎರಡೂ ಮಂಡಿ ಮಡಿಸಿ, ಎದೆಗೆ ಒತ್ತಿ ಹಿಡಿದಿದ್ದರು. ನರ್ಸ್ ಆಮ್ಲಜನಕ ತಂದಳು. ಆಂಬುಲೆನ್ಸ್ ಬಂತು. ಬಣ್ಣ ತಿರುಗುವವರೆಗೆ ಎಷ್ಟು ನಿಮಿಷವಾಯಿತೋ ನನಗೆ ಗೊತ್ತಿಲ್ಲ. ಅತ್ತೆ ಮಾತ್ರ ಬಾಯಿಯಲ್ಲಿ ಶಿವಶಿವ ಎನ್ನುತ್ತ, ಕೈ ಸಡಿಲಿಸದೆ ಇದ್ದರು. ಬೊಂಬೆಯ ಮೇಲೆ ಕಲಿತದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದ್ದರು. ಅವರಿಗೆ ಹೇಳದೆ ಮುಚ್ಚಿಟ್ಟಿದ್ದರೆ ಆ ಕೋಣೆಯಲ್ಲಿ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಆರು ತಿಂಗಳು ತುಂಬುವವರೆಗೆ ಕಾಯುವುದು ಬೇಡ ಎಂದರು ಹೃದಯದ ಡಾಕ್ಟರು. ಎರಡು ವಾರದಲ್ಲಿ ದಿನ ಗೊತ್ತಾಯಿತು.

ಬೆಳಿಗ್ಗೆ ಏಳೂವರೆಗೆ ಅವಳನ್ನು ಒಪ್ಪಿಸಬೇಕಿತ್ತು. ಹುಟ್ಟಿದ ಮೇಲೆ ನನ್ನ ಕೊರಳಿನಿಂದ ಅವಳ ಕೊರಳಿಗೆ ಬಂದಿದ್ದ ಸಣ್ಣ ಲಿಂಗ ಒಳಗೆ ಹೋಗುವಂತಿಲ್ಲ. ನರ್ಸ್ ಅದೇನೆಂದು ಕೇಳಿ ತಿಳಿದುಕೊಂಡು, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತನ್ವಿಯ ಹೆಸರಿನ ಚೀಟಿ ಅಂಟಿಸಿ, ಮಂಚದ ತಲೆಯ ಕಡೆಗೆ ಟೇಪು ಹಚ್ಚಿದಳು. ವಾಪಸ್ ಬಂದಾಗ ಇಲ್ಲೇ ಇರುತ್ತದೆ ಎಂದಳು. ನಾನು ಅದನ್ನು ಅತ್ತೆಗೆ ಹೇಳಿದೆ. "ಶ್ಯಾಣ್ಯಾ ಐತಿ ಹುಡುಗಿ," ಎಂದರು. ಅರಿವಳಿಕೆ ಕೋಣೆಯಲ್ಲಿ ನನ್ನ ತೋಳಿನಲ್ಲೇ ಅವಳಿಗೆ ನಿದ್ದೆ ಬಂತು. ತಲೆಯ ಕಡೆ ನಿಂತಿದ್ದಾಕೆಗೆ ನಾನು, "ನೀವು ಅಲ್ಲೇ ಇರುತ್ತೀರಲ್ಲ?" ಎಂದೆ. "ಪೂರ್ತಿ ಹೊತ್ತೂ," ಎಂದಳು.

ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿ ಇತ್ತು. ನಾನು ಮೀನು ಎಣಿಸಿದೆ. ಶಿವಾನಂದ ಅರ್ಧ ಗಂಟೆಗೊಮ್ಮೆ ಎದ್ದು ಕಾಫಿ ತಂದರು, ಯಾರೂ ಕುಡಿಯಲಿಲ್ಲ. ಎದುರಿಗೆ ವಾಲ್‌ಸಾಲ್ ಕಡೆಯ ಕುಟುಂಬವೊಂದು ಕೂತಿತ್ತು. ಅವರಲ್ಲಿ ಅತ್ತೆಯ ವಯಸ್ಸಿನ ಅಜ್ಜಿ, ಅವರದು ಪಂಜಾಬಿ. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಆಕೆಯ ಪಕ್ಕ ಹೋಗಿ ಕೂತಿದ್ದರು. ಬಂದ ಮೇಲೆ ಹೇಳಿದರು. "ಅವರ ಮೊಮ್ಮಗಳಿಗೆ ಇದು ಎರಡನೇ ಆಪರೇಶನ್. ಮೊದಲನೇದು ಆದಾಗ ಎಂಟ ದಿನಕ್ಕ ಮನಿಗೆ ಬಂದಿತ್ತಂತ."

"ನಿಮಗ ಹೆಂಗ ತಿಳೀತ್ರಿ ಅತ್ತಿ, ಅವರಿಗೆ ಕನ್ನಡ ಬರ್ತೈತೇನು?"

"ಅಜ್ಜಿ ಆದಾಕಿಗೆ ಅಜ್ಜಿ ಹೇಳಿದ್ದು ತಿಳಿಯಾಂಗಿಲ್ಲೇನು? ಬೆರಳ ತೋರಿಸಿದ್ರು."

ಆರು ತಾಸು ಕಳೆದ ಮೇಲೆ ಸರ್ಜನ್ ತಾವೇ ಬಂದರು. ತಲೆಯ ಮೇಲೆ ಟೋಪಿ ಹಾಗೇ ಇತ್ತು. ನಿಂತುಕೊಂಡೇ ಹೇಳಿದರು, ಸೋಫಾದ ಕೋಣೆಗೆ ಕರೆಯಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು. ತೂತು ಮುಚ್ಚಿದೆ, ದಾರಿ ಅಗಲ ಮಾಡಿದ್ದೇವೆ ಎಂದರು. ಶಿವಾನಂದ ಸರ್ಜನ್ನರ ಕೈ ಹಿಡಿದುಕೊಂಡವರು ಬಿಡಲಿಲ್ಲ. ಅತ್ತೆಯೇ ಬಂದು ಬಿಡಿಸಬೇಕಾಯಿತು. "ಬಿಡೋ, ಆ ಕೈ ನಾಳೆ ಮತ್ತೊಂದು ಕೂಸಿಗೆ ಬೇಕು."

ಐಸಿಯುನಲ್ಲಿ ಐದು ದಿನ, ವಾರ್ಡಿನಲ್ಲಿ ಏಳು ದಿನ. ನಳಿಗೆಗಳ ನಡುವೆ ಅವಳ ಪಾದಗಳನ್ನು ನೋಡಿದ್ದು ನೆನಪಿದೆ. ಗುಲಾಬಿ ಬಣ್ಣದ ಹಿಮ್ಮಡಿ. ಅಷ್ಟು ದಿನ ಅದಕ್ಕೆ ಬೇರೆಯೇ ಬಣ್ಣವಿತ್ತೆಂದು ನನಗೆ ಅವತ್ತೇ ತಿಳಿದದ್ದು.

ಈಗ ತನ್ವಿಗೆ ಐದು ವರ್ಷ. ಶಾಲೆಗೆ ಹೋಗುತ್ತಾಳೆ. ವರ್ಷಕ್ಕೊಮ್ಮೆ ಬರ್ಮಿಂಗ್‌ಹ್ಯಾಮಿಗೆ ಹೋಗುತ್ತೇವೆ. ದೊಡ್ಡವಳಾದ ಮೇಲೆ ಒಂದು ಕವಾಟ ಬದಲಿಸಬೇಕಾಗಬಹುದು. ಎಲ್ಲ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಇವತ್ತು ಯಾರೋ ಒಬ್ಬಳು ಅಂಥ ಸೋಫಾದ ಮೇಲೆ ಕೂತು ಮನೆಗೆ ಬಂದು, ಊರಿಗೆ ಏನು ಹೇಳುವುದೆಂದು ಯೋಚಿಸುತ್ತಿರಬಹುದು. ಅವಳಿಗೆ ನಾನು ಹೇಳುವುದು ಇಷ್ಟೇ. ಹೇಳಿಬಿಡವ್ವಾ. ಹೊರಲಿಕ್ಕೆ ಜನ ಬರುತ್ತಾರೆ.

ಹೇಳದೆ ಉಳಿದ ಒಂದು ಮಾತಿದೆ. ಆಪರೇಶನ್ ಆಗಿ ಐದು ವಾರಕ್ಕೆ ತೋರಿಸಲು ಹೋದಾಗ ಗಾಯ ಒಣಗಿದೆ ಎಂದರು. ಎದೆಯ ಮೂಳೆ ಪೂರ್ತಿ ಕೂಡುವವರೆಗೆ ಬೋರಲು ಹಾಕಬೇಡಿ, ಕಂಕುಳಿಗೆ ಕೈಕೊಟ್ಟು ಎತ್ತಬೇಡಿ, ಸ್ನಾನ ಮಾಡಿಸಬಹುದು. ಬಾಗಿಲ ಹತ್ತಿರ ಬಂದಾಗ ಡಾಕ್ಟರು, "ಮತ್ತೆ, ಅತ್ತರೆ ಅಳಲಿ. ಇನ್ನು ಪರವಾಗಿಲ್ಲ," ಎಂದರು. ನಾವು ತಲೆಯಾಡಿಸಿ ಬಂದೆವು. ಆದರೆ ಮನೆಯಲ್ಲಿ ಯಾರಿಗೂ ಅದು ಸಾಧ್ಯವಾಗಲಿಲ್ಲ. ಹಾಲು ಮೊದಲಿನಂತೆಯೇ ಹಸಿವಿಗಿಂತ ಮುಂಚೆ.

ಅತ್ತೆಯ ವೀಸಾ ಮುಗಿಯಲು ಮೂರು ದಿನ ಉಳಿದಿತ್ತು. ಬೆಳಿಗ್ಗೆ ನಾನು ಸೂಟ್‌ಕೇಸಿಗೆ ಸೀರೆ ಮಡಚುತ್ತಿದ್ದಾಗ ಬಚ್ಚಲಿನಿಂದ ಅಳು ಕೇಳಿತು. ಸಣ್ಣ ಮುಲುಕಾಟವಲ್ಲ, ಗಂಟಲು ಬಿಚ್ಚಿದ ಅಳು. ಓಡಿದೆ. ಶಿವಾನಂದ ಕೆಳಗಿನಿಂದ ಎರಡೆರಡು ಮೆಟ್ಟಿಲು ಹಾರಿ ಬಂದರು. ಅತ್ತೆ ನೆಲಕ್ಕೆ ಕಾಲು ಚಾಚಿ ಕೂತು, ಕೂಸನ್ನು ಅಂಗಾತ ಮಲಗಿಸಿಕೊಂಡು, ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ತನ್ವಿ ಕೈಕಾಲು ಬಡಿದು ಅಳುತ್ತಿದ್ದಳು. ನನ್ನ ಕೈ ತಾನಾಗಿಯೇ ಅವಳ ಮಂಡಿಗಳನ್ನು ಮಡಿಸಲು ಹೋಯಿತು.

ಅತ್ತೆ ಒದ್ದೆ ಕೈಯಿಂದ ನನ್ನ ಕೈ ತಡೆದರು. "ನಿಲ್ಲು. ತುಟಿ ನೋಡು ಮೊದಲ."

ನೋಡಿದೆ. ಕೆಂಪಗಿತ್ತು. ಬಾಯಿ, ಒಸಡು, ನಾಲಿಗೆ, ಎಲ್ಲ ಕೆಂಪು.

"ಅಳಲಿ ಬಿಡು. ನಾಕು ತಿಂಗಳಿಂದ ಒಳಗ ಇಟ್ಕೊಂಡ ಕುಂತೈತಿ," ಎಂದು ಅತ್ತೆ ಇನ್ನೊಂದು ತಂಬಿಗೆ ಹೊಯ್ದರು.

ಶಿವಾನಂದ ಬಾಗಿಲಿಗೆ ಒರಗಿ ಕುಸಿದು ಕೂತರು. ನಾನು ಒದ್ದೆ ನೆಲದ ಮೇಲೆಯೇ ಕೂತೆ. ಅವಳು ಅತ್ತಳು, ಓಣಿ ಕೇಳುವ ಹಾಗೆ ಅತ್ತಳು, ದಣಿದು ತಾನಾಗಿ ಬಿಕ್ಕಳಿಸುವವರೆಗೆ ಅತ್ತಳು. ನಾವು ಯಾರೂ ಸಮಾಧಾನ ಮಾಡಲಿಲ್ಲ.